ಕಲಬುರಗಿ ಬಿಸಿಲಿಗೆ ಒಂದು ಹಗುರ ಫಾರ್ಮ್‌ಹೌಸ್ ಏಲ್: ನಾನು ರುಚಿ ನೋಡಿದ ಬಗೆ

ನಮ್ಮ ಕಡೆ ಬಿಯರ್ ಅಂದರೆ ಸ್ಟ್ರಾಂಗ್ ಬಿಯರ್. ಅಂಗಡಿಯಲ್ಲಿ ಕೇಳುವವರೂ ಅದನ್ನೇ ಕೇಳುತ್ತಾರೆ, ಕೊಡುವವರೂ ಅದನ್ನೇ ತೆಗೆದಿಡುತ್ತಾರೆ. ಆಲ್ಕೋಹಾಲ್ 5% ದಾಟಿದರೆ ಸ್ಟ್ರಾಂಗ್, ಮೇಲಿನ ಮಿತಿ 8%. ಲೆಕ್ಕ ಹಾಕಿ ನೋಡಿ. 8% ಇರುವ 650 ಮಿ.ಲೀ. ಬಾಟಲಿಯಲ್ಲಿ 52 ಮಿ.ಲೀ. ಶುದ್ಧ ಆಲ್ಕೋಹಾಲ್ ಇರುತ್ತದೆ. ನಾನು ಈಗ ಹೇಳಹೊರಟಿರುವ ಏಲ್ (ಬೆಚ್ಚಗೆ ಹುದುಗಿಸುವ ಬಗೆಯ ಬಿಯರ್) 3.8%. ಅದರ 330 ಮಿ.ಲೀ. ಬಾಟಲಿಯಲ್ಲಿ ಇರುವುದು ಹನ್ನೆರಡೂವರೆ ಮಿ.ಲೀ. ಮಾತ್ರ. ಮೇ ತಿಂಗಳಲ್ಲಿ 42 ಡಿಗ್ರಿ ಮುಟ್ಟುವ ಊರಿನಲ್ಲಿ ಈ ಎರಡನೆಯ ಲೆಕ್ಕವೇ ಸರಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಇದನ್ನು ಮಾಡಿದ್ದು ಬೆಂಗಳೂರಿನ ಒಂದು ಸಣ್ಣ ಕ್ರಾಫ್ಟ್ ಬ್ರೂವರಿ. ಬಾರ್ಲಿ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ), ಗೋಧಿ, ಸ್ವಲ್ಪ ಓಟ್ಸ್, ಸೈಸನ್ ಯೀಸ್ಟ್. ಸೈಸನ್ ಅಂದರೆ ಬೆಲ್ಜಿಯಮ್‌ನ ಫಾರ್ಮ್‌ಹೌಸ್ ಏಲ್. ಮಸಾಲೆ ಏನೂ ಹಾಕಿಲ್ಲ. ಗೆಳೆಯನೊಬ್ಬ ಕಾರಿನಲ್ಲಿ ಬರುವಾಗ ಐಸ್ ಬಾಕ್ಸ್‌ನಲ್ಲಿಟ್ಟು ತಂದ. ಐಸ್ ಬಾಕ್ಸ್ ಬೇಕೇ ಬೇಕು ಅಂತ ನಾನೇ ಹಟ ಹಿಡಿದಿದ್ದೆ. ಬ್ರೂವರಿಯವರು 3-30-300 ಅಂತ ಒಂದು ಅಂದಾಜು ಇಟ್ಟುಕೊಂಡಿರುತ್ತಾರೆ. 3 ಡಿಗ್ರಿಯಲ್ಲಿ 300 ದಿನಕ್ಕೆ ಬಿಯರ್ ಎಷ್ಟು ಹಳತಾಗುತ್ತದೋ, 22 ಡಿಗ್ರಿಯಲ್ಲಿ 30 ದಿನಕ್ಕೆ, 32 ಡಿಗ್ರಿಯಲ್ಲಿ ಬರೀ 3 ದಿನಕ್ಕೆ ಅಷ್ಟೇ ಹಳತಾಗುತ್ತದೆ. ನಮ್ಮೂರ ಬೇಸಿಗೆಯಲ್ಲಿ ಮುಚ್ಚಿ ನಿಲ್ಲಿಸಿದ ಕಾರು ಅಂದರೆ ಕೇಳಬೇಕಾ? ಹಾಗೆ ಕೆಟ್ಟ ಬಿಯರ್ ಒದ್ದೆ ರಟ್ಟಿನ ವಾಸನೆ ಹೊಡೆಯುತ್ತದೆ. ಬಿಸಿಲು ನೇರ ಬಿದ್ದರೆ ಇನ್ನೊಂದು ಕೇಡು. ಬಿಯರ್‌ಗೆ ಹಾಕುವ ಹಾಪ್ಸ್ ಹೂವಿನ ಕಹಿ ಅಂಶ ಬೆಳಕಿಗೆ ಒಡೆದು ಗಬ್ಬು ವಾಸನೆ ಬರುತ್ತದೆ. ಕಂದು ಗಾಜು ಇದನ್ನು ಬಹಳಷ್ಟು ತಡೆಯುತ್ತದೆ. ಹಸಿರು ಗಾಜು ಅಷ್ಟು ತಡೆಯುವುದಿಲ್ಲ, ಬಣ್ಣವಿಲ್ಲದ ಗಾಜಂತೂ ಇನ್ನೂ ಕಡಿಮೆ.

ಮನೆಗೆ ಬಂದ ಬಾಟಲಿಗಳನ್ನು ಒಂದು ಇಡೀ ದಿನ ಫ್ರಿಜ್‌ನಲ್ಲಿ ನೆಟ್ಟಗೆ ನಿಲ್ಲಿಸಿದೆ. ಈ ಬಗೆಯ ಬಿಯರ್ ಬಾಟಲಿಯೊಳಗೇ ಇನ್ನೊಮ್ಮೆ ಹುದುಗಿ ಗ್ಯಾಸ್ ಕಟ್ಟಿಕೊಳ್ಳುತ್ತದೆ. ಯೀಸ್ಟ್ ತಳಕ್ಕೆ ಕೂರಬೇಕು.

ಗ್ಲಾಸಿನ ವಿಷಯಕ್ಕೆ ನಾನು ಜಾಸ್ತಿ ತಲೆ ಕೆಡಿಸಿಕೊಳ್ಳುತ್ತೇನೆ, ಅದಕ್ಕೆ ಕಾರಣ ಇದೆ. ಶಹಾಬಾದ್ ಕಲ್ಲಿನ ಸೀಮೆ ನಮ್ಮದು, ನೆಲದ ತುಂಬ ಸುಣ್ಣಕಲ್ಲು. ಬೋರ್ ನೀರಿನಲ್ಲಿ ತೊಳೆದು ಒಣಗಿಸಿದರೆ ಗಾಜಿನ ಮೇಲೆ ಬಿಳಿ ಕಲೆ ಉಳಿಯುತ್ತದೆ. ಗುಳ್ಳೆಗಳೆಲ್ಲ ಆ ಕಲೆಗೆ ಅಂಟಿಕೊಳ್ಳುತ್ತವೆ. ಸೋಪಿನ ಪಸೆ ಉಳಿದರೆ ನೊರೆಯೇ ನಿಲ್ಲುವುದಿಲ್ಲ. ಹಾಗಾಗಿ ಕೊನೆಯ ಸಲ ಫಿಲ್ಟರ್ ನೀರಿನಲ್ಲಿ ಜಾಲಿಸಿ, ಬಟ್ಟೆ ತಾಗಿಸದೆ ಬೋರಲು ಹಾಕುತ್ತೇನೆ. ಹೊಟ್ಟೆ ಅಗಲ, ಬಾಯಿ ಕಿರಿದಾದ ಗ್ಲಾಸ್ ಒಳ್ಳೆಯದು. ಪರಿಮಳ ಒಳಗೇ ನಿಲ್ಲುತ್ತದೆ. ಇನ್ನೊಂದು ಮಾತು: ಅಡುಗೆಮನೆಯಲ್ಲಿ ಒಗ್ಗರಣೆ ಬೀಳುವ ಮೊದಲೇ ರುಚಿ ನೋಡುವುದು ಮುಗಿಯಬೇಕು. ಬೆಳ್ಳುಳ್ಳಿ ಸಿಡಿದ ಮೇಲೆ ಮೂಗಿಗೆ ಇಂಥ ಸಣ್ಣ ವಾಸನೆಗಳು ಸಿಗುವುದಿಲ್ಲ. ಊದಿನಕಡ್ಡಿಯೂ ಬೇಡ.

ಫ್ರಿಜ್‌ನಿಂದ ತೆಗೆದ ಕೂಡಲೇ ಸುರಿಯಬೇಡಿ. 4 ಡಿಗ್ರಿಯಲ್ಲಿ ನಾಲಿಗೆ ಮರಗಟ್ಟುತ್ತದೆ. ನಾನು ಅಡುಗೆಯ ಥರ್ಮಾಮೀಟರ್ ಇಟ್ಟು 8 ಡಿಗ್ರಿಗೆ ಶುರು ಮಾಡಿದೆ. ಗ್ಲಾಸ್ ಓರೆ ಹಿಡಿದು ಅರ್ಧ ತುಂಬಿಸಿ, ಆಮೇಲೆ ನೆಟ್ಟಗೆ ಹಿಡಿದು ನಡುವೆ ಸುರಿದೆ. ನೊರೆ ಎರಡು ಬೆರಳು ದಪ್ಪ ಎದ್ದು ಹಾಗೇ ನಿಂತಿತು. ಬಣ್ಣ ಒಣ ಹುಲ್ಲಿನದು, ಸ್ವಲ್ಪ ಮಸುಕು.

ಮೊದಲ ವಾಸನೆ ಕಿತ್ತಳೆ ಸಿಪ್ಪೆಯದು. ಅದರ ಹಿಂದೆಯೇ ಕರಿಮೆಣಸು, ತುಸು ಲವಂಗ. ಕೈಯಲ್ಲಿ ಸ್ವಲ್ಪ ಬೆಚ್ಚಗಾದ ಮೇಲೆ ಬಂತು ನೋಡಿ, ಹಿಂಗಾರಿ ಜೋಳ ಕೊಯ್ದ ಮೇಲೆ ಒಟ್ಟಿದ ಕಣಿಕೆ ಬಣವೆಯಂಥ ವಾಸನೆ. ಮಸಾಲೆ ಹಾಕದೆ ಮೆಣಸು ಎಲ್ಲಿಂದ? ಅದು ಯೀಸ್ಟ್‌ನ ಕೆಲಸ. ಧಾನ್ಯದಲ್ಲಿರುವ ಒಂದು ಆಮ್ಲವನ್ನು ಅದು ಲವಂಗ-ಮೆಣಸಿನ ವಾಸನೆಯ ಫೀನಾಲ್ ಆಗಿ ಬದಲಿಸುತ್ತದೆ. ಹಣ್ಣಿನ ಪರಿಮಳ ಕೊಡುವ ಎಸ್ಟರ್‌ಗಳೂ ಅದರದ್ದೇ.

ಬಾಯಿಗೆ ಹಾಕಿದರೆ ಮೊದಲು ಗ್ಯಾಸಿನ ಚುರುಕು. ಆಮೇಲೆ ಬ್ರೆಡ್ಡಿನ ರುಚಿ, ನಿಂಬೆಯಷ್ಟಲ್ಲದ ಒಂದು ಹುಳಿ, ಕೊನೆಗೆ ಶುದ್ಧ ಕಹಿ. ನುಂಗಿದ ಮೇಲೆ ಬಾಯಿ ಪೂರ್ತಿ ಒಣ. ಸಿಹಿಯ ಅಂಟು ಚೂರೂ ಇಲ್ಲ. ಈ ಒಣತನವೇ ಸೈಸನ್‌ನ ಜೀವಾಳ. ಬೇರೆ ಯೀಸ್ಟ್‌ಗಳು ತಿನ್ನಲಾಗದೆ ಬಿಡುವ ಡೆಕ್ಸ್‌ಟ್ರಿನ್ ಎಂಬ ಪಿಷ್ಟದ ತುಣುಕುಗಳನ್ನೂ ಅನೇಕ ಸೈಸನ್ ಯೀಸ್ಟ್‌ಗಳು ಒಡೆದು ತಿಂದುಬಿಡುತ್ತವೆ. ಬಿಯರನ್ನು ನುಂಗಿದ ಮೇಲೆ ಮೂಗಿನಿಂದ ಉಸಿರು ಬಿಡಿ, ಮೆಣಸು ಇನ್ನೊಮ್ಮೆ ಸಿಗುತ್ತದೆ. ಉಗುಳಿದರೆ ಈ ಕೊನೆಯ ಭಾಗ ಅರ್ಧ ಹೋದಂತೆಯೇ.

ಹಗುರ ಬಿಯರ್‌ನ ಕಷ್ಟವೂ ಇಲ್ಲೇ ಇದೆ. ಆಲ್ಕೋಹಾಲ್ ಕಡಿಮೆ, ಸಕ್ಕರೆಯೂ ಖಾಲಿ ಅಂದರೆ ನೀರು ನೀರಾಗುವ ಅಪಾಯ. ಗೋಧಿ, ಓಟ್ಸ್ ಹಾಕುವುದು ಮೈ ಕೊಡಲಿಕ್ಕೆ. ಇದರಲ್ಲಿ ಶುರು ಮತ್ತು ಕೊನೆ ಚೆನ್ನಾಗಿವೆ, ನಡುವೆ ಒಂದು ಕ್ಷಣ ತೆಳುವಾಗುತ್ತದೆ. 12 ಡಿಗ್ರಿಗೆ ಬಂದಾಗ ಆ ತೆಳು ಇನ್ನೂ ಎದ್ದು ಕಂಡಿತು, ಲವಂಗವೂ ಜಾಸ್ತಿಯಾಯಿತು. ನನ್ನ ಬಾಯಿಗೆ 8ರಿಂದ 10 ಡಿಗ್ರಿಯೇ ಹಿತ. ತಳದ ಯೀಸ್ಟನ್ನು ಅಲ್ಲಾಡಿಸಿ ಕೊನೆಯ ಗುಟುಕನ್ನು ಬೇರೆ ಗ್ಲಾಸಿಗೆ ಸುರಿದು ನೋಡಿದೆ. ಮಸುಕಾಯಿತು, ಮೈ ತುಂಬಿತು, ಮೆಣಸು ಮಂಕಾಯಿತು. ತಿಳಿಯಾದದ್ದೇ ನನಗೆ ಇಷ್ಟ.

ಈ ಏಲ್‌ನ ತವರು ಬೆಲ್ಜಿಯಮ್‌ನ ವಲ್ಲೋನಿಯ, ಅದರಲ್ಲೂ ಎನೋ (Hainaut) ಪ್ರಾಂತ್ಯ. ಫ್ರಿಜ್ ಇಲ್ಲದ ಕಾಲದಲ್ಲಿ ಹೊಲದ ಮನೆಗಳಲ್ಲಿ ಚಳಿಗಾಲದಲ್ಲಿ ಬ್ರೂ ಮಾಡಿಟ್ಟು, ಬೇಸಿಗೆ ಸುಗ್ಗಿಗೆ ಬರುವ ಕೂಲಿಯವರಿಗೆ ಕೊಡುತ್ತಿದ್ದರು ಎನ್ನುತ್ತಾರೆ. ಉಳಿದ ಧಾನ್ಯದ ಚರಟ ದನಕ್ಕೆ. ಅಲ್ಲಿಯ ತೂರ್ಪ್ ಊರಿನ ಡುಪಾಂ ಬ್ರೂವರಿ 1844ರಿಂದಲೂ ಇದೆ. ಅವರ ಹೆಸರಾಂತ ಸೈಸನ್ 6.5%. ಕೂಲಿಯವರು ಕುಡಿಯುತ್ತಿದ್ದದ್ದು ಇದಕ್ಕಿಂತ ಹಗುರವಾಗಿತ್ತು ಎಂದೇ ಹೇಳುತ್ತಾರೆ. ನಡು ಮಧ್ಯಾಹ್ನ ಕುಡಿದು ಮತ್ತೆ ಕುಡುಗೋಲು ಹಿಡಿಯಬೇಕಲ್ವಾ?

ನನಗೆ ಬಹಳ ಖುಷಿ ಕೊಡುವ ಸಂಗತಿ ಇನ್ನೊಂದು. ಹೆಚ್ಚಿನ ಏಲ್ ಯೀಸ್ಟ್‌ಗಳಿಗೆ 18ರಿಂದ 22 ಡಿಗ್ರಿ ಸಾಕು. ಡುಪಾಂ ಬಗೆಯ ಯೀಸ್ಟ್ 30 ಡಿಗ್ರಿ ದಾಟಿದರೂ ಹುರುಪಿನಿಂದ ಕೆಲಸ ಮಾಡುತ್ತದೆ. ಹುದುಗುವಾಗ ಬಿಸಿ ಬೇಕು, ಬಾಟಲಿಗೆ ಇಳಿದ ಮೇಲೆ ಅದೇ ಬಿಸಿ ಶತ್ರು.

ಒಗ್ಗರಣೆ ಆದ ಮೇಲೆ ಎರಡನೇ ಬಾಟಲಿ ಊಟದ ಜೊತೆ. ಕಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಎಣ್ಣೆಗಾಯಿ, ಪುಂಡಿಪಲ್ಯ. ಶೇಂಗಾ ಹಿಂಡಿಯ ಜೊತೆ ಅದ್ಭುತ. ಹುರಿದ ಶೇಂಗಾದ ಜಿಡ್ಡನ್ನು ಗ್ಯಾಸ್ ತೊಳೆದುಬಿಡುತ್ತದೆ, ಬೆಳ್ಳುಳ್ಳಿಯ ಘಾಟಿಗೆ ಮೆಣಸು ಜೊತೆಯಾಗುತ್ತದೆ. ಎಣ್ಣೆಗಾಯಿಗೂ ಚೆನ್ನ. ಖಾರದ ವಿಷಯದಲ್ಲಿ ಹಗುರ ಬಿಯರ್‌ಗೆ ಒಂದು ಅನುಕೂಲ ಇದೆ. ಆಲ್ಕೋಹಾಲ್ ಖಾರದ ಉರಿಯನ್ನು ಹೆಚ್ಚಿಸುತ್ತದೆ, ಇಲ್ಲಿ ಅದು ಕಡಿಮೆ. ಪುಂಡಿಪಲ್ಯದ ಮುಂದೆ ಮಾತ್ರ ಸೋತಿತು. ಪಲ್ಯದ ಹುಳಿ ಬಿಯರ್‌ನ ಹುಳಿಯನ್ನು ನುಂಗಿಹಾಕಿತು, ಕಹಿಯಷ್ಟೇ ಉಳಿಯಿತು. ಸಂಜೆ ಮಿರ್ಚಿ ಭಜಿ, ಸುಸಲಾ ಜೊತೆ ನೋಡಿದರೆ ಇದಕ್ಕಿಂತ ಚೆನ್ನಾಗಿರುತ್ತದೆ ಅನ್ನಿಸಿದೆ.

ಬ್ರೂವರಿಯವರಿಗೆ ಫೋನ್ ಮಾಡಿ ನನ್ನ ಟಿಪ್ಪಣಿ ಹೇಳಿದೆ. ನಡುವಿನ ತೆಳುವಿನ ಬಗ್ಗೆ ಅವರಿಗೂ ಗೊತ್ತಿತ್ತು. ಗೋಧಿಯ ಪಾಲು ಸ್ವಲ್ಪ ಇಳಿಸಿ ಬಿಳಿಜೋಳ ಹಾಕಬಾರದೇ ಅಂತ ಕೇಳಿದೆ. ವಲ್ಲೋನಿಯದ ರೈತರೂ ಹೊಲದಲ್ಲಿ ಇದ್ದ ಧಾನ್ಯ ಹಾಕಿದವರೇ. ಆಫ್ರಿಕದ ಎಷ್ಟೋ ಕಡೆ ಜೋಳದ ಬಿಯರ್ ಮನೆಮಾತು. ಒಂದೇ ತೊಡಕು ಅಂದರು: ಜೋಳದ ಪಿಷ್ಟ ಬಿಚ್ಚಿಕೊಳ್ಳಲು ಬಾರ್ಲಿಗಿಂತ ಹೆಚ್ಚು ಬಿಸಿ ಬೇಕು, 70 ಡಿಗ್ರಿಯ ಮೇಲೆ. ಅಷ್ಟು ಬಿಸಿಯಲ್ಲಿ ಪಿಷ್ಟವನ್ನು ಸಕ್ಕರೆ ಮಾಡುವ ಮಾಲ್ಟ್‌ನ ಕಿಣ್ವ ಬೇಗ ಸಾಯುತ್ತದೆ. ಹಾಗಾಗಿ ಜೋಳವನ್ನು ಬೇರೆ ಪಾತ್ರೆಯಲ್ಲಿ ಮೊದಲೇ ಬೇಯಿಸಿ ಆಮೇಲೆ ಸೇರಿಸಬೇಕು. ಸಣ್ಣ ಬ್ಯಾಚ್ ಮಾಡಿ ನೋಡಲು ಒಪ್ಪಿದ್ದಾರೆ. ಈ ಸಲದ ಮಾಲ್ದಂಡಿ ಜೋಳ ಒಂದು ಚೀಲ ಕಳಿಸುವುದು ನನ್ನ ಪಾಲಿನ ಕೆಲಸ.