ಮೊದಲು ಪಂದ್ಯ, ಆಮೇಲೆ ಕುದುರೆ: ದೊಡ್ಡ ರೇಸುಗಳಲ್ಲಿ ಬಾಜಿ ಕಟ್ಟಿದ ನನ್ನ ಅನುಭವ

ಪ್ರಪಂಚದ ಹೆಸರಾಂತ ಕುದುರೆ ಪಂದ್ಯಗಳನ್ನು ಮೈದಾನಕ್ಕೇ ಹೋಗಿ ನೋಡುವುದು, ನೋಡುತ್ತ ಅಲ್ಪಸ್ವಲ್ಪ ಹಣ ಕಟ್ಟುವುದು ನನ್ನ ಬಹುಕಾಲದ ಹವ್ಯಾಸ. ನನ್ನ ಜೊತೆಗೆ ಬರುವ ಸ್ನೇಹಿತರು ಗೇಟು ದಾಟುವ ಮೊದಲೇ ‘ಯಾವ ಕುದುರೆ?’ ಎಂದು ಕೇಳುತ್ತಾರೆ. ನಾನು ಆ ಪ್ರಶ್ನೆಗೆ ಬರುವುದು ಕೊನೆಯಲ್ಲಿ. ಎಷ್ಟು ಕುದುರೆಗಳು ಓಡುತ್ತವೆ, ಎಷ್ಟು ದೂರ ಓಡುತ್ತವೆ, ನೆಲ ಎಂಥದು, ನನ್ನ ಹಣ ಬುಕ್‌ಮೇಕರ್ ಕೈಗೆ ಹೋಗುತ್ತದೆಯೋ ಟೋಟ್‌ಗೆ ಹೋಗುತ್ತದೆಯೋ ಎಂಬುದನ್ನು ಮೊದಲು ನೋಡಿ, ಆ ಪಂದ್ಯಕ್ಕೆ ಯಾವ ಬಗೆಯ ಬಾಜಿ ಒಪ್ಪುತ್ತದೆಂದು ತೀರ್ಮಾನಿಸಿದ ಮೇಲೆಯೇ ಕುದುರೆಯ ಹುಡುಕಾಟ ಶುರುವಾಗುತ್ತದೆ.

ಹಣ ಕಟ್ಟುವ ವ್ಯವಸ್ಥೆಯ ವಿಚಾರವನ್ನೇ ಮೊದಲು ಹೇಳುತ್ತೇನೆ, ಏಕೆಂದರೆ ಉಳಿದದ್ದೆಲ್ಲ ಅದನ್ನೇ ಅವಲಂಬಿಸಿದೆ. ಬ್ರಿಟನ್ನಿನ ಮೈದಾನಗಳಲ್ಲಿ ಬುಕ್‌ಮೇಕರ್‌ಗಳು ಸಾಲಾಗಿ ನಿಂತು, ಪ್ರತಿ ಕುದುರೆಯ ದರವನ್ನು ತಮ್ಮ ತಮ್ಮ ಫಲಕದ ಮೇಲೆ ತೋರಿಸುತ್ತಾರೆ. ನಾವು ಹಣ ಕೊಟ್ಟ ಕ್ಷಣದಲ್ಲಿದ್ದ ದರ ಚೀಟಿಯಲ್ಲಿ ಅಚ್ಚಾಗುತ್ತದೆ. ಆಮೇಲೆ ಅದು ಏರಲಿ, ಇಳಿಯಲಿ, ನಮಗೆ ಸಲ್ಲುವುದು ಚೀಟಿಯ ದರವೇ. ಟೋಟ್ ಹಾಗಲ್ಲ. ಎಲ್ಲರ ಹಣವೂ ಒಂದೇ ನಿಧಿಗೆ ಸೇರುತ್ತದೆ, ಸಂಸ್ಥೆ ತನ್ನ ಪಾಲನ್ನು ಮುರಿದುಕೊಳ್ಳುತ್ತದೆ, ಮಿಕ್ಕದ್ದು ಗೆದ್ದವರಿಗೆ ಹಂಚಿಕೆಯಾಗುತ್ತದೆ. ಹಾಗಾಗಿ ಎಷ್ಟು ಸಿಗುತ್ತದೆಂಬುದು ಓಟ ಆರಂಭವಾಗಿ ಬಾಜಿ ಮುಚ್ಚುವವರೆಗೂ ನಿಶ್ಚಯವಿಲ್ಲ. ಬುಕ್‌ಮೇಕರ್‌ಗಳಿರುವ ಕಡೆ ನಾನು ಸಾಲಿನ ಈ ತುದಿಯಿಂದ ಆ ತುದಿಯವರೆಗೆ ಒಮ್ಮೆ ನಡೆದು, ನನ್ನ ಕುದುರೆಗೆ ಎಲ್ಲಿ ಹೆಚ್ಚು ದರವಿದೆಯೆಂದು ನೋಡಿಕೊಂಡೇ ಹಣ ತೆಗೆಯುತ್ತೇನೆ. ಒಂದೇ ಕುದುರೆಗೆ ಒಬ್ಬ 12ಕ್ಕೆ 1 (ಅಂದರೆ 1 ಪೌಂಡ್ ಕಟ್ಟಿ ಗೆದ್ದರೆ 12 ಪೌಂಡ್ ಲಾಭ) ಕೊಡುವಾಗ, ಹತ್ತು ಹೆಜ್ಜೆಯಾಚೆ ಇನ್ನೊಬ್ಬ 14ಕ್ಕೆ 1 ಕೊಡುತ್ತಿರುವುದು ಅಪರೂಪವೇನಲ್ಲ. ಟೋಟ್ ಇರುವ ಕಡೆ ಈ ನಡಿಗೆಯಿಂದ ಪ್ರಯೋಜನವಿಲ್ಲ. ಅಲ್ಲಿ ಜನರೆಲ್ಲ ಮುಗಿಬಿದ್ದ ಕುದುರೆಯಿಂದ ದೂರ ಉಳಿಯುವುದೇ ಲಾಭದ ದಾರಿ.

ಲಿವರ್‌ಪೂಲ್‌ನ ಏಂಟ್ರೀ ಮೈದಾನದಲ್ಲಿ ಏಪ್ರಿಲ್ ತಿಂಗಳಲ್ಲಿ ನಡೆಯುವ ಗ್ರ್ಯಾಂಡ್ ನ್ಯಾಷನಲ್ ನನಗೆ ಎಲ್ಲಕ್ಕಿಂತ ಹೆಚ್ಚು ಪ್ರಿಯವಾದ ಪಂದ್ಯ. ಸುಮಾರು 6.9 ಕಿಲೋಮೀಟರ್ ದೂರ, ಎರಡು ಸುತ್ತು, ಒಟ್ಟು 30 ಬೇಲಿಗಳ ಜಿಗಿತ. ಮೊದಲು 40 ಕುದುರೆಗಳು ಓಡುತ್ತಿದ್ದವು. ಸುರಕ್ಷತೆಯ ದೃಷ್ಟಿಯಿಂದ 2024ರಿಂದ ಅದನ್ನು 34ಕ್ಕೆ ಇಳಿಸಿದ್ದಾರೆ. ಇದು ಹ್ಯಾಂಡಿಕ್ಯಾಪ್ ಪಂದ್ಯವಾದ್ದರಿಂದ ಉತ್ತಮ ಕುದುರೆಯ ಬೆನ್ನಿಗೆ ಹೆಚ್ಚು ಭಾರ, ಸಾಧಾರಣ ಕುದುರೆಗೆ ಕಡಿಮೆ ಭಾರ ಹೊರಿಸಿ, ಎಲ್ಲವನ್ನೂ ಸಮಕ್ಕೆ ತರುವ ಪ್ರಯತ್ನ ನಡೆದಿರುತ್ತದೆ. 1967ರಲ್ಲಿ ಫೊಯ್ನೆವನ್, 2009ರಲ್ಲಿ ಮಾನ್ ಮೋಮ್ 100ಕ್ಕೆ 1ರ ದರದಲ್ಲಿ ಗೆದ್ದದ್ದು ಇಲ್ಲಿಯೇ. ಇಂಥ ಪಂದ್ಯದಲ್ಲಿ ಗೆಲುವಿನ ಮೇಲೆ ಮಾತ್ರ ಹಣ ಕಟ್ಟುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ. ನಾನು ಕಟ್ಟುವುದು ‘ಈಚ್ ವೇ’.

ಈಚ್ ವೇ ಎಂದರೆ ಒಂದೇ ಚೀಟಿಯಲ್ಲಿ ಎರಡು ಬಾಜಿ: ಅರ್ಧ ಹಣ ಗೆಲುವಿಗೆ, ಉಳಿದರ್ಧ ಸ್ಥಾನಕ್ಕೆ. 16 ಅಥವಾ ಅದಕ್ಕಿಂತ ಹೆಚ್ಚು ಕುದುರೆಗಳಿರುವ ಹ್ಯಾಂಡಿಕ್ಯಾಪ್‌ನಲ್ಲಿ ವಾಡಿಕೆಯಂತೆ ಮೊದಲ ನಾಲ್ಕು ಸ್ಥಾನಗಳಿಗೆ ದರದ ಕಾಲುಭಾಗ ಸಿಗುತ್ತದೆ. ನ್ಯಾಷನಲ್ ದಿನ ಐದು ಆರು ಸ್ಥಾನಗಳಿಗೆ ಕೊಡುವವರೂ ಇರುತ್ತಾರೆ, ಅಂಥವರನ್ನು ಹುಡುಕುವುದೇ ನನ್ನ ಮೊದಲ ಕೆಲಸ. 40ಕ್ಕೆ 1 ದರದ ಕುದುರೆಯ ಮೇಲೆ 5 ಪೌಂಡ್ ಈಚ್ ವೇ ಕಟ್ಟಿದರೆ ಕೈಯಿಂದ ಹೋಗುವುದು 10 ಪೌಂಡ್. ಕುದುರೆ ನಾಲ್ಕನೆಯದಾಗಿ ಬಂದರೂ ಸ್ಥಾನದ ಅರ್ಧಕ್ಕೆ 10ಕ್ಕೆ 1ರಂತೆ 50 ಪೌಂಡ್, ಜೊತೆಗೆ ಕಟ್ಟಿದ 5 ಪೌಂಡ್, ಒಟ್ಟು 55 ಪೌಂಡ್ ಕೈಸೇರುತ್ತದೆ. ಗೆದ್ದರೆ 260 ಪೌಂಡ್. ಇದೇ ಲೆಕ್ಕವನ್ನು 4ಕ್ಕೆ 1 ದರದ ಫೇವರಿಟ್‌ಗೆ, ಅಂದರೆ ಎಲ್ಲಕ್ಕಿಂತ ಕಡಿಮೆ ದರದ ನೆಚ್ಚಿನ ಕುದುರೆಗೆ, ಅನ್ವಯಿಸಿದರೆ ಸ್ಥಾನದ ಹಣದಿಂದ ಅಸಲು ಮಾತ್ರ ವಾಪಸಾಗುತ್ತದೆ. ಆದ್ದರಿಂದ ಈಚ್ ವೇ ಬಾಜಿಗೆ ನಾನು 20ಕ್ಕೆ 1ರಿಂದ 40ಕ್ಕೆ 1ರ ನಡುವಿನ ಕುದುರೆಗಳನ್ನು ಮಾತ್ರ ಪರಿಗಣಿಸುತ್ತೇನೆ. ಮೂರು ಮೈಲಿ ದೂರದಲ್ಲಿ ಒಮ್ಮೆಯೂ ಗೆಲ್ಲದವುಗಳನ್ನು, ಇತ್ತೀಚಿನ ಓಟಗಳಲ್ಲಿ ಎಡವಿ ಬಿದ್ದವುಗಳನ್ನು ಮೊದಲೇ ಪಟ್ಟಿಯಿಂದ ತೆಗೆದುಹಾಕುತ್ತೇನೆ. ಏಂಟ್ರೀಯ ಬೇಲಿಗಳನ್ನು ಹಿಂದೆ ಸರಾಗವಾಗಿ ದಾಟಿದ ಕುದುರೆಗೆ ನನ್ನಲ್ಲಿ ವಿಶೇಷ ಮರ್ಯಾದೆಯಿದೆ. ರೆಡ್ ರಮ್ 1973, 1974 ಮತ್ತು 1977ರಲ್ಲಿ, ಟೈಗರ್ ರೋಲ್ 2018 ಮತ್ತು 2019ರಲ್ಲಿ ಗೆದ್ದದ್ದನ್ನು ನೋಡಿದರೆ ಈ ಮೈದಾನ ಕೆಲವು ಕುದುರೆಗಳಿಗೆ ಒಗ್ಗುತ್ತದೆ ಎಂಬುದರಲ್ಲಿ ಸಂಶಯ ಉಳಿಯುವುದಿಲ್ಲ.

ಇಂಗ್ಲೆಂಡಿನ ಎಪ್ಸಮ್‌ನ ಡರ್ಬಿಗೆ ಈ ವಿಧಾನ ಹೊಂದುವುದಿಲ್ಲ. 1780ರಲ್ಲಿ ಡಯೋಮೆಡ್ ಗೆಲ್ಲುವುದರೊಂದಿಗೆ ಆರಂಭವಾದ ಈ ಪಂದ್ಯ ಜೂನ್ ತಿಂಗಳ ಆರಂಭದ ಶನಿವಾರ ನಡೆಯುತ್ತದೆ. ಮೂರು ವರ್ಷದ ಕುದುರೆಗಳು ಒಂದೂವರೆ ಮೈಲಿ, ಅಂದರೆ ಸುಮಾರು 2,400 ಮೀಟರ್ ಓಡುತ್ತವೆ. ಹ್ಯಾಂಡಿಕ್ಯಾಪ್ ಇಲ್ಲವಾದ್ದರಿಂದ ಗಂಡು ಕುದುರೆಗಳೆಲ್ಲವೂ ಒಂದೇ ಭಾರ ಹೊರುತ್ತವೆ; ಉತ್ತಮವಾದದ್ದು ಉತ್ತಮವಾಗಿಯೇ ಓಡುವ ಸಂಭವ ಹೆಚ್ಚು. ಆದರೆ ನೆಲ ವಿಚಿತ್ರವಾದುದು. ಮೊದಲರ್ಧ ಏರು, ಆಮೇಲೆ ಟ್ಯಾಟನ್‌ಹ್ಯಾಮ್ ಕಾರ್ನರ್ ತಿರುವಿನವರೆಗೆ ಕಡಿದಾದ ಇಳಿಜಾರು, ಕೊನೆಯ ನೇರ ದಾರಿಯಲ್ಲಿ ನೆಲವೇ ಒಳಬದಿಯ ಕಂಬಿಯ ಕಡೆಗೆ ವಾಲಿಕೊಂಡಿರುತ್ತದೆ. ಸಮತಟ್ಟಾದ ಮೈದಾನದಲ್ಲಿ ಮಿಂಚಿದ ಕುದುರೆ ಇಲ್ಲಿ ಹೆಜ್ಜೆ ತಪ್ಪುವುದುಂಟು. ಹೀಗಾಗಿ ನಾನು ಮೇ ತಿಂಗಳಲ್ಲಿ ಲಿಂಗ್‌ಫೀಲ್ಡ್‌ನಲ್ಲಿ ನಡೆಯುವ ಡರ್ಬಿ ಪೂರ್ವಭಾವಿ ಪಂದ್ಯವನ್ನು ಗಮನವಿಟ್ಟು ನೋಡುತ್ತೇನೆ, ಏಕೆಂದರೆ ಅಲ್ಲಿಯೂ ಇಳಿಜಾರಿನ ತಿರುವಿದೆ. ಇಳಿಜಾರಿನಲ್ಲಿ ತಲೆ ಎತ್ತದೆ, ಜಾಕಿ ಹಗ್ಗ ಜಗ್ಗುವ ಅಗತ್ಯವಿಲ್ಲದೆ ಸಲೀಸಾಗಿ ಇಳಿದುಬಂದ ಒಂದು ಕುದುರೆಯನ್ನು ಆರಿಸಿ, ಗೆಲುವಿಗೆ ಮಾತ್ರ ಹಣ ಕಟ್ಟುತ್ತೇನೆ. ನಿಲ್ಲುವುದಕ್ಕೆ ನಾನು ಆರಿಸಿಕೊಳ್ಳುವುದು ಓಟದ ದಾರಿಯ ನಡುವಣ ಗುಡ್ಡವನ್ನು. ಅಲ್ಲಿಂದ ತಿರುವು ಕಾಣುವಷ್ಟು ಚೆನ್ನಾಗಿ ದುಬಾರಿ ಗ್ಯಾಲರಿಯಿಂದಲೂ ಕಾಣದು ಎಂಬುದು ನನ್ನ ಅಭಿಪ್ರಾಯ.

ಜೂನ್ ತಿಂಗಳಲ್ಲೇ ಇಂಗ್ಲೆಂಡಿನಲ್ಲಿ ಐದು ದಿನ ನಡೆಯುವ ರಾಯಲ್ ಆಸ್ಕಾಟ್ ರೇಸುಗಳಿಗೆ ಬಹಳ ಜನ ಉಡುಪು ಮತ್ತು ಟೋಪಿಗಳನ್ನು ನೋಡಲು ಹೋಗುತ್ತಾರೆ, ತಪ್ಪೇನಿಲ್ಲ. ಬಾಜಿ ಕಟ್ಟುವವರಿಗೆ ಅಲ್ಲಿನ ರಾಯಲ್ ಹಂಟ್ ಕಪ್, ವೋಕಿಂಗ್‌ಹ್ಯಾಮ್‌ನಂಥ ಪಂದ್ಯಗಳು ಮುಖ್ಯ. ಸುಮಾರು ಮೂವತ್ತು ಕುದುರೆಗಳು ಅಗಲವಾದ ನೇರ ದಾರಿಯಲ್ಲಿ ಓಡುವಾಗ ಎರಡು ಗುಂಪುಗಳಾಗಿ ಒಡೆದು, ಒಂದು ಗುಂಪು ಗ್ಯಾಲರಿಯ ಬದಿಗೂ ಇನ್ನೊಂದು ಆಚೆ ಬದಿಗೂ ಸರಿಯುತ್ತದೆ. ಯಾವ ಬದಿಯ ನೆಲ ವೇಗವಾಗಿದೆಯೆಂಬುದು ಬೆಳಗಿನ ಪತ್ರಿಕೆಯಲ್ಲಿ ಇರುವುದಿಲ್ಲ. ಅದೇ ದಾರಿಯಲ್ಲಿ ಅಂದು ಮೊದಲು ನಡೆಯುವ ಓಟಗಳಿಗೆ ಹಣ ಕಟ್ಟದೆ ಸುಮ್ಮನೆ ನೋಡಿ, ಗೆಲ್ಲುವ ಕುದುರೆಗಳು ಯಾವ ಸಂಖ್ಯೆಯ ಸ್ಟಾಲ್‌ನಿಂದ (ಓಟ ಶುರುವಾಗುವ ಮುನ್ನ ಕುದುರೆ ನಿಲ್ಲುವ ಗೂಡು) ಹೊರಟವೆಂದು ಗುರುತು ಮಾಡಿಕೊಳ್ಳುತ್ತೇನೆ. ಮೈದಾನದಲ್ಲಿ ಖುದ್ದಾಗಿ ಇರುವುದರ ಲಾಭ ಅದು.

ಅಮೆರಿಕದ ಕೆಂಟಕಿ ಡರ್ಬಿ ಪೂರ್ತಿ ಬೇರೆ ಲೋಕ. ಲೂಯಿವಿಲ್‌ನ ಚರ್ಚಿಲ್ ಡೌನ್ಸ್‌ನಲ್ಲಿ ಮೇ ತಿಂಗಳ ಮೊದಲ ಶನಿವಾರ, ಮೂರು ವರ್ಷದ 20 ಕುದುರೆಗಳವರೆಗೆ ಒಂದೂಕಾಲು ಮೈಲಿ ದೂರವನ್ನು ಮಣ್ಣಿನ ಹಾದಿಯಲ್ಲಿ ಓಡುತ್ತವೆ. ಅವುಗಳಲ್ಲಿ ಬಹುಪಾಲು ಕುದುರೆಗಳು ಅಷ್ಟು ದೂರವನ್ನು ಹಿಂದೆಂದೂ ಓಡಿರುವುದಿಲ್ಲ. ಬುಕ್‌ಮೇಕರ್‌ಗಳ ಸಾಲು ಇಲ್ಲಿಲ್ಲ, ಎಲ್ಲವೂ ಟೋಟ್ ಮಾದರಿಯ ನಿಧಿ. ಪದಗಳ ವಿಷಯದಲ್ಲಿ ಎಚ್ಚರ ಬೇಕು: ಇಲ್ಲಿ ‘ಪ್ಲೇಸ್’ ಎಂದರೆ ಮೊದಲ ಎರಡರಲ್ಲಿ ಬರಬೇಕು, ‘ಶೋ’ ಎಂದರೆ ಮೊದಲ ಮೂರರಲ್ಲಿ. ಕಂಬಿಗೆ ಅಂಟಿಕೊಂಡ ಒಂದನೇ ಸ್ಟಾಲ್‌ನಿಂದ ಹೊರಟ ಕುದುರೆ 1986ರಲ್ಲಿ ಫರ್ಡಿನಂಡ್ ಗೆದ್ದ ಮೇಲೆ 2025ರ ಓಟವೂ ಸೇರಿ ಅಲ್ಲಿಯವರೆಗೆ ಒಮ್ಮೆಯೂ ಗೆದ್ದಿರಲಿಲ್ಲ. ಒಂದನೇ ಸ್ಟಾಲ್‌ನ ಕುದುರೆ ಆರಂಭದ ನೂಕುನುಗ್ಗಲಿನಲ್ಲಿ ಒಳಗೆ ಸಿಕ್ಕಿಕೊಳ್ಳುವುದರಿಂದ ನಾನು ಅದನ್ನು ಬಿಟ್ಟೇಬಿಡುತ್ತೇನೆ. ವರ್ಷಕ್ಕೊಮ್ಮೆ ಡರ್ಬಿಯನ್ನಷ್ಟೇ ನೋಡುವ ಜನಸಾಗರ ಹೆಸರು, ಬಣ್ಣ, ಇಷ್ಟದ ಅಂಕಿ ನೋಡಿ ಹಣ ಕಟ್ಟುತ್ತದೆ. ಆ ಹಣವೂ ನಿಧಿಗೇ ಸೇರುವುದರಿಂದ ನಿಧಾನವಾಗಿ ಹೊರಟು ಕೊನೆಯಲ್ಲಿ ನುಗ್ಗುವ, ಯಾರೂ ಹೆಚ್ಚು ಗಮನಿಸದ ಕುದುರೆಗೆ ಇಲ್ಲಿ ಒಳ್ಳೆಯ ಬೆಲೆ ಸಿಗುತ್ತದೆ. 2022ರಲ್ಲಿ, ಹಿಂದಿನ ದಿನವಷ್ಟೇ ಬೇರೊಂದು ಕುದುರೆ ಹಿಂದೆ ಸರಿದದ್ದರಿಂದ ಅವಕಾಶ ಪಡೆದ ರಿಚ್ ಸ್ಟ್ರೈಕ್ ಗೆದ್ದಾಗ 2 ಡಾಲರ್ ಚೀಟಿಗೆ 163.60 ಡಾಲರ್ ಬಂದಿತು. ಅಂಥದನ್ನು ಮುಂಚೆಯೇ ಊಹಿಸಿದೆನೆಂದು ಹೇಳುವವರನ್ನು ನಾನು ನಂಬುವುದಿಲ್ಲ. ಆದರೆ ಈ ಪಂದ್ಯದಲ್ಲಿ ಸಣ್ಣ ದರಕ್ಕೆ ಫೇವರಿಟ್ ಮೇಲೆ ಹಣ ಕಟ್ಟುವುದು ತಕ್ಕದ್ದಲ್ಲ ಎಂಬುದಕ್ಕೆ ಅದು ಸಾಕ್ಷಿ.

ಮೆಲ್ಬರ್ನ್ ಕಪ್ ನವೆಂಬರ್ ತಿಂಗಳ ಮೊದಲ ಮಂಗಳವಾರ ಫ್ಲೆಮಿಂಗ್ಟನ್‌ನಲ್ಲಿ ನಡೆಯುತ್ತದೆ. ಆ ದಿನ ಮೆಲ್ಬರ್ನ್ ನಗರಕ್ಕೆ ಸಾರ್ವಜನಿಕ ರಜೆ. 3,200 ಮೀಟರ್, ಹೆಚ್ಚೆಂದರೆ 24 ಕುದುರೆಗಳು, ಹ್ಯಾಂಡಿಕ್ಯಾಪ್. ಲಕ್ಷಣಗಳು ಗ್ರ್ಯಾಂಡ್ ನ್ಯಾಷನಲ್‌ನ ಸಮೀಪಕ್ಕೆ ಬರುತ್ತವೆ, ಬೇಲಿಗಳಷ್ಟೇ ಇಲ್ಲ. ನನ್ನ ವಿಧಾನವೂ ಹೆಚ್ಚುಕಡಿಮೆ ಅದೇ, ಗೆಲುವು ಮತ್ತು ಸ್ಥಾನ ಎರಡಕ್ಕೂ ಕಟ್ಟುವುದು. ಅಕ್ಟೋಬರ್‌ನ ಕಾಲ್‌ಫೀಲ್ಡ್ ಕಪ್‌ನಲ್ಲಿ 2,400 ಮೀಟರ್ ಓಡಿ, ಗೆಲ್ಲದಿದ್ದರೂ ಕೊನೆಯಲ್ಲಿ ಕುದುರೆಗಳನ್ನು ಹಿಂದಿಕ್ಕುತ್ತ ಬಂದವುಗಳನ್ನು ಆರಿಸುತ್ತೇನೆ. 2015ರಲ್ಲಿ ಮಿಶೆಲ್ ಪೇನ್ ಸವಾರಿಯಲ್ಲಿ ಪ್ರಿನ್ಸ್ ಆಫ್ ಪೆನ್‌ಜಾನ್ಸ್ 100ಕ್ಕೆ 1ರ ದರದಲ್ಲಿ ಗೆದ್ದಿತು. ಕಪ್ ಗೆದ್ದ ಮೊದಲ ಮಹಿಳಾ ಜಾಕಿ ಆಕೆ.

ಪ್ಯಾರಿಸ್‌ನ ಲಾಂಗ್‌ಶಾಂಪ್‌ನಲ್ಲಿ ಅಕ್ಟೋಬರ್ ಮೊದಲ ಭಾನುವಾರ ನಡೆಯುವ ಆರ್ಕ್ ಪಂದ್ಯದಲ್ಲಿ ನಾನು ಹೆಣ್ಣು ಕುದುರೆಗಳ ಕಡೆ ವಾಲುತ್ತೇನೆ. ಅವುಗಳಿಗೂ ಮೂರು ವರ್ಷದ ಕುದುರೆಗಳಿಗೂ ಭಾರದಲ್ಲಿ ರಿಯಾಯಿತಿಯಿದೆ. 2011ರಿಂದ 2018ರವರೆಗಿನ ಎಂಟು ಓಟಗಳಲ್ಲಿ ಏಳನ್ನು ಹೆಣ್ಣು ಕುದುರೆಗಳೇ ಗೆದ್ದವು, ಅವುಗಳಲ್ಲಿ ಟ್ರೆವ್ ಮತ್ತು ಎನೇಬಲ್ ಎರಡೆರಡು ಬಾರಿ. ದುಬೈನ ಮೆಯ್ಡಾನ್‌ಗೆ ಹೋಗುವವರು ಬಾಜಿಯ ಆಸೆಯನ್ನು ಬದಿಗಿಟ್ಟು ಹೋಗಬೇಕು. ಅಲ್ಲಿ ಪಂದ್ಯದ ಬಹುಮಾನ ಭಾರಿಯಾದರೂ ಮೈದಾನದಲ್ಲಿ ಹಣ ಕಟ್ಟುವ ವ್ಯವಸ್ಥೆಯೇ ಇಲ್ಲ.

ಟೋಕಿಯೊದಲ್ಲಿ ನವೆಂಬರ್ ಕೊನೆಗೆ ನಡೆಯುವ ಜಪಾನ್ ಕಪ್ ನನಗೆ ಹಿಡಿಸಿದ್ದು ಅಲ್ಲಿನ ಪ್ಯಾಡಕ್‌ನಿಂದಾಗಿ, ಅಂದರೆ ಓಟಕ್ಕೆ ಮುಂಚೆ ಕುದುರೆಗಳನ್ನು ಜನರೆದುರು ನಡೆಸುವ ಅಂಗಳದಿಂದಾಗಿ. ಪ್ಯಾಡಕ್ ಸುತ್ತ ಜನ ಗಲಾಟೆಯಿಲ್ಲದೆ ನಿಂತು, ಪ್ರತಿ ಕುದುರೆಯ ನಡಿಗೆಯನ್ನು ಪರೀಕ್ಷಿಸಿ ಟಿಪ್ಪಣಿ ಮಾಡಿಕೊಳ್ಳುತ್ತಾರೆ. ನಾನೂ ಅಲ್ಲಿ ಹಿಂಗಾಲು ಮುಂಗಾಲಿನ ಗುರುತನ್ನು ದಾಟಿ ಬೀಳುತ್ತಿದೆಯೇ, ಕುತ್ತಿಗೆ ಸಡಿಲವಾಗಿದೆಯೇ, ತೊಡೆಗಳ ನಡುವೆ ಬೆವರಿನ ನೊರೆ ಕಟ್ಟಿದೆಯೇ ಎಂದು ನೋಡುತ್ತೇನೆ. ಬಿಸಿಲಿನ ದಿನದ ಬೆವರಿಗೆ ಮಹತ್ವ ಕೊಡುವುದಿಲ್ಲ, ತಣ್ಣಗಿನ ದಿನದ ಬೆವರು ಮಾತ್ರ ಕುದುರೆಯ ಗಾಬರಿಯನ್ನು ಹೇಳುತ್ತದೆ. ಒಂದು ಬಾಜಿ 100 ಯೆನ್‌ನಿಂದ ಶುರು. ಗೆಲುವಿನ ಬಾಜಿಯ ನಿಧಿಯಿಂದ ಸಂಸ್ಥೆ 20 ಶೇಕಡಾ ಮುರಿದುಕೊಂಡರೆ, ಮೊದಲ ಮೂರು ಕುದುರೆಗಳನ್ನು ಕ್ರಮವಾಗಿ ಹೇಳಬೇಕಾದ ಬಾಜಿಯಲ್ಲಿ 27.5 ಶೇಕಡಾ ಮುರಿದುಕೊಳ್ಳುತ್ತದೆ. ಕ್ಲಿಷ್ಟವಾದ ಬಾಜಿಗೆ ಹೆಚ್ಚು ತೆರಬೇಕಾಗುತ್ತದೆಂಬ ಈ ಲೆಕ್ಕ ತಿಳಿದ ಮೇಲೆ ಟೋಟ್ ಇರುವ ಯಾವ ಊರಿನಲ್ಲೂ ನಾನು ಗೆಲುವು ಮತ್ತು ಸ್ಥಾನದ ಬಾಜಿಗಳನ್ನು ಬಿಟ್ಟು ಹೆಚ್ಚು ಆಚೆ ಹೋಗುವುದಿಲ್ಲ.

ಹಣದ ವಿಷಯದಲ್ಲಿ ನನ್ನ ಕ್ರಮ ಸರಳ. ದಿನಕ್ಕೆ ಕಳೆದುಕೊಳ್ಳಲು ಸಿದ್ಧವಿರುವ ಮೊತ್ತವನ್ನು ನಗದಾಗಿ ಒಯ್ಯುತ್ತೇನೆ, ಅದರಲ್ಲಿ ಅರ್ಧವನ್ನು ಮುಖ್ಯ ಪಂದ್ಯಕ್ಕೆ ಎತ್ತಿಡುತ್ತೇನೆ, ಮುಗಿದರೆ ಉಳಿದ ಓಟಗಳನ್ನು ಬರಿಗೈಯಲ್ಲಿ ನೋಡುತ್ತೇನೆ. ಗೆದ್ದ ಹಣವನ್ನು ಅದೇ ದಿನ ಮತ್ತೆ ಕಟ್ಟುವುದಿಲ್ಲ.

ಚೀಟಿಯನ್ನಂತೂ ಅಧಿಕೃತ ಫಲಿತಾಂಶ ಬರುವವರೆಗೆ ಎಸೆಯಬಾರದು. 2019ರ ಕೆಂಟಕಿ ಡರ್ಬಿಯಲ್ಲಿ ಮ್ಯಾಕ್ಸಿಮಮ್ ಸೆಕ್ಯೂರಿಟಿ ಮೊದಲು ಗೆರೆ ದಾಟಿತು. ತಿರುವಿನಲ್ಲಿ ಬೇರೆ ಕುದುರೆಗಳಿಗೆ ಅಡ್ಡ ಬಂತೆಂಬ ದೂರಿನ ಮೇಲೆ ತೀರ್ಪುಗಾರರು ಇಪ್ಪತ್ತು ನಿಮಿಷಕ್ಕೂ ಹೆಚ್ಚು ಕಾಲ ದೃಶ್ಯಗಳನ್ನು ಪರಿಶೀಲಿಸಿ, ಅದನ್ನು ಕೆಳಗಿಳಿಸಿ, ಎರಡನೆಯದಾಗಿ ಬಂದ ಕಂಟ್ರಿ ಹೌಸ್ ಗೆದ್ದಿತೆಂದು ಘೋಷಿಸಿದರು. ಅದರ 2 ಡಾಲರ್ ಚೀಟಿಗೆ 132.40 ಡಾಲರ್ ಸಿಕ್ಕಿತು, ಚೀಟಿಯನ್ನು ಕೈಯಲ್ಲೇ ಇಟ್ಟುಕೊಂಡಿದ್ದವರಿಗೆ.