ಮಲೆನಾಡಿನ ಮಳೆಗಾಲದಲ್ಲೂ ಗಂಟಾಗದ ಹಾಲಿನ ಪುಡಿ: ನನ್ನ ಅನುಭವ

ನಮ್ಮ ಆಗುಂಬೆ ಸೀಮೆಯ ತೇವದಲ್ಲಿ ಹಾಲಿನ ಪುಡಿ ಆರು ತಿಂಗಳೂ ತಡೆಯುವುದಿಲ್ಲ ಎಂದವರೇ ಹೆಚ್ಚು. ಎರಡು ಮಳೆಗಾಲ ಕಂಡ ಪೊಟ್ಟಣ ಒಡೆದರೆ ಪುಡಿ ಬೆಳ್ಳಗೆ, ಉದುರುದುರಾಗಿಯೇ ಇದೆ. ಹೆಪ್ಪು ಹಾಕಿದರೆ ಮೊಸರು ಗಟ್ಟಿಯಾಗಿ ಕೂರುತ್ತದೆ. ಇನ್ನು ಧೈರ್ಯವಾಗಿ ಬರೆಯಬಹುದು.

ಕೆನೆಭರಿತ ಪುಡಿಯ ಆಸೆ ಬಿಡಿ. ಅದರಲ್ಲಿ ಕೊಬ್ಬು ಶೇ. 26ಕ್ಕಿಂತ ಕಡಿಮೆ ಇರುವುದಿಲ್ಲ. ಸಾಧಾರಣ ಡಬ್ಬಿಯಲ್ಲಿ ಏಳೆಂಟು ತಿಂಗಳಿಗೆ ಹಳೇ ಎಣ್ಣೆಯ ವಾಸನೆ ಶುರು. ಡೈರಿ ವೈಟ್ನರ್‌ನಲ್ಲಿ ಸಕ್ಕರೆ ಬೆರೆತಿರುತ್ತದೆ, ಮಜ್ಜಿಗೆಗೆ ಬಾರದು. ಕೂಡಿಡಬೇಕಾದದ್ದು ಸ್ಕಿಮ್ಡ್ ಪುಡಿ, ಕೊಬ್ಬು ಶೇ. 1.5ರೊಳಗೆ. ಕೊಬ್ಬಿಗೆ ತುಪ್ಪವನ್ನು ಬೇರೆ ಇಡಿ: ಗಸಿ ಕಂದುಬಣ್ಣಕ್ಕೆ ತಿರುಗುವವರೆಗೆ ಕಾಸಿ, ಸೋಸಿ, ಒಣಗಿದ ಭರಣಿಯ ಕಂಠದವರೆಗೆ ತುಂಬಿ ಕತ್ತಲಲ್ಲಿಡಬೇಕು.

ಪ್ಯಾಕಿಂಗ್ ಫೆಬ್ರವರಿ ಅಥವಾ ಮಾರ್ಚ್‌ನಲ್ಲಿ, ಬಿಸಿಲೇರಿದ ಮಧ್ಯಾಹ್ನವೇ ಆಗಬೇಕು. ಜೂನ್ ಬಂದ ಮೇಲೆ ಕೈಹಾಕಿದರೆ ಪುಡಿಯ ಜೊತೆ ತೇವವನ್ನೂ ಒಳಗಿಟ್ಟು ಮುಚ್ಚಿದಂತೆ. ಪುಡಿಯ ಅರ್ಧಭಾಗ ಲ್ಯಾಕ್ಟೋಸ್, ಅಂದರೆ ಹಾಲಿನ ಸಕ್ಕರೆ. ಅದು ತೇವ ಹೀರಿ ಹರಳುಗಟ್ಟುವುದರಿಂದಲೇ ಗಂಟಾಗುವುದು. ಗಾಳಿ, ತೇವ ದಾಟದ ದಪ್ಪ ಮೈಲಾರ್ ಚೀಲ (ಲೋಹಲೇಪಿತ ಪ್ಲಾಸ್ಟಿಕ್‌ನದು), ಒಂದಕ್ಕೆ ಅರ್ಧ ಕಿಲೋ ಮಾತ್ರ. ಜುಲೈಯಲ್ಲಿ ಒಡೆದ ಚೀಲ ವಾರ, ಹತ್ತು ದಿನದಲ್ಲಿ ಮುಗಿಯದಿದ್ದರೆ ಗಟ್ಟಿಯಾಗುತ್ತದೆ, ಅದಕ್ಕೇ ಸಣ್ಣ ಚೀಲ.

ಅರ್ಧ ಕಿಲೋಗೆ 300 ಸಿಸಿಯ ಒಂದು ಆಕ್ಸಿಜನ್ ಅಬ್ಸಾರ್ಬರ್ (ಚೀಲದೊಳಗಿನ ಆಮ್ಲಜನಕ ಹೀರುವ, ಕಬ್ಬಿಣದ ಪುಡಿ ತುಂಬಿದ ಪುಟ್ಟ ಪೊಟ್ಟಣ) ಸಾಕು. ಜೊತೆಗೆ ತೇವ ಹೀರುವ ಸಿಲಿಕಾ ಜೆಲ್ ಹಾಕಬೇಡಿ. ಕಬ್ಬಿಣದ ಪುಡಿ ಆಮ್ಲಜನಕ ಹೀರಲು ತುಸು ತೇವ ಬೇಕು, ಜೆಲ್ ಅದನ್ನೂ ಕಸಿಯುತ್ತದೆ. ಅಬ್ಸಾರ್ಬರ್‌ಗಳ ಕಟ್ಟು ಒಡೆದರೆ ಕಾಲು ಗಂಟೆಯೊಳಗೆ ಎಲ್ಲ ಚೀಲಗಳೂ ಮುಚ್ಚಿರಬೇಕು; ಉಳಿದವನ್ನು ಬಿಗಿ ಮುಚ್ಚಳದ ಸಣ್ಣ ಬಾಟಲಿಗೆ ಹಾಕಿ. ಒತ್ತಿದಾಗ ಅಬ್ಸಾರ್ಬರ್ ಒಳಗೆ ಕಲ್ಲಿನಂತಾಗಿದ್ದರೆ ಅದು ಸತ್ತಿದೆ.

ಹೆಚ್ಚಿನ ಚೀಲ ಕೆಡುವುದು ಸೀಲಿನಲ್ಲಿ. ಬಾಯಿಯ ಒಳಮೈಗೆ ಹಿಟ್ಟಿನಂತೆ ಪುಡಿ ಅಂಟಿರುತ್ತದೆ, ಅದರ ಮೇಲೇ ಬಿಸಿ ಮಾಡಿದರೆ ಸೂಜಿಮೊನೆಯಷ್ಟು ದಾರಿ ಉಳಿಯುತ್ತದೆ. ಒಣಬಟ್ಟೆಯಿಂದ ಚೆನ್ನಾಗಿ ಒರೆಸಿ, ಬೆರಳಗಲ ಅಂತರದಲ್ಲಿ ಎರಡು ಸೀಲ್ ಹಾಕಿ. ಚೀಲ ಇಟ್ಟಿಗೆಯಂತೆ ಬಿಗಿಯಬೇಕೆಂದು ಕಾಯಬೇಡಿ: ಹೋಗುವುದು ಆಮ್ಲಜನಕ, ಅಂದರೆ ಗಾಳಿಯ ಐದನೇ ಒಂದು ಪಾಲು ಮಾತ್ರ, ಮರುದಿನ ತುಸು ಕುಗ್ಗಿದರೆ ಸರಿ.

ಇಡುವ ಜಾಗದ್ದೇ ದೊಡ್ಡ ವಿಷಯ. ಅಟ್ಟ ಬೇಡವೇ ಬೇಡ. ಏಪ್ರಿಲ್‌ನಲ್ಲಿ ಹಂಚಿನಡಿಯ ಸೆಕೆಗೆ ಸಕ್ಕರೆ ಅಂಶವೂ ಪ್ರೋಟೀನೂ ಕೂಡಿ ಪುಡಿ ಹಳದಿಯಾಗುತ್ತದೆ; ಆಮ್ಲಜನಕ ತೆಗೆದಿದ್ದರೂ ಇದು ನಿಲ್ಲದು. ನೆಲಮಟ್ಟದ ತಂಪು ಕೋಣೆ, ಗೋಡೆಗೆ ತಾಗದ ಮಣೆಯ ಮೇಲೆ ತಗಡಿನ ಟ್ರಂಕು. ಟ್ರಂಕು ಇಲ್ಲದಿದ್ದರೆ ಇಲಿ ಒಂದೇ ರಾತ್ರಿಗೆ ಎಲ್ಲಾ ಚೀಲ ತೂತು ಮಾಡುತ್ತದೆ.

ಪಕ್ಕದ ಪ್ರಯೋಗಗಳೂ ಇವೆ. ಖೋವಾವನ್ನು ಒಣಗಿಸಿ ಪುಡಿ ಮಾಡಿಟ್ಟರೆ ಒಂದೆರಡು ತಿಂಗಳಲ್ಲಿ ಕಮಟು. ಹಸಿ ಖೋವಾ, ಪನೀರ್‌ಗಳನ್ನಂತೂ ಅಬ್ಸಾರ್ಬರ್ ಹಾಕಿ ಹೊರಗಿಡಲೇಬೇಡಿ. ತೇವವಿದ್ದು ಆಮ್ಲಜನಕ ಇಲ್ಲದ ಕಡೆ ಬಾಟ್ಯುಲಿಸಂ ವಿಷ ಹುಟ್ಟುವ ಅಪಾಯವಿದೆ. ತೆಂಗಿನ ಹಾಲಿನ ಪುಡಿಯಲ್ಲಿ ಕೊಬ್ಬೇ ಹೆಚ್ಚು, ಬೇಗ ಕಮಟುತ್ತದೆ, ಬೆಲೆಯೂ ಜಾಸ್ತಿ. ಅದರ ಬದಲು ಸಿಪ್ಪೆ ಸುಲಿಯದ ಬಲಿತ ಕಾಯಿ ತಿಂಗಳುಗಟ್ಟಲೆ ಇರುತ್ತದೆ. ಸೋಯಾದಲ್ಲೂ ಹಾಗೇ: ಹಿಟ್ಟು ಬೇಡ, ಇಡೀ ಕಾಳು ಇಡಿ, ನೂರು ಗ್ರಾಂ ನೆನೆಸಿ ರುಬ್ಬಿ ಸೋಸಿ ಕುದಿಸಿದರೆ ಮುಕ್ಕಾಲು ಲೀಟರ್ ಹಾಲು ಸಿಗುತ್ತದೆ.

ಅಳತೆಗೆ ಬರೋಣ. ಶಾಲಾ ಮಕ್ಕಳಿಗೆ ಹಾಲು ಕೊಡಲು 2013ರಲ್ಲಿ ಶುರುವಾದ ಕ್ಷೀರಭಾಗ್ಯ ಯೋಜನೆಯಲ್ಲಿ 18 ಗ್ರಾಂ ಕೆನೆಭರಿತ ಪುಡಿಗೆ 150 ಮಿ.ಲೀ. ಹಾಲಿನ ಲೆಕ್ಕ, ಅಂದರೆ ಲೀಟರಿಗೆ 120 ಗ್ರಾಂ. ಸ್ಕಿಮ್ಡ್ ಪುಡಿಯಾದರೆ 90 ಗ್ರಾಂ, ಜೊತೆಗೆ 30 ಗ್ರಾಂ ತುಪ್ಪ. ಇಡೀ ನೀರಿಗೆ ತುಪ್ಪ ಸುರಿದರೆ ಮೇಲೆ ತೇಲಿ ಕೂರುತ್ತದೆ. ಕಾಲುಭಾಗ ಬಿಸಿನೀರು, ಪೂರ್ತಿ ಪುಡಿ, ಕರಗಿದ ತುಪ್ಪ ಸೇರಿಸಿ ಮಿಕ್ಸಿಯಲ್ಲಿ ಎರಡು ನಿಮಿಷ ತಿರುಗಿಸಿ, ಆಮೇಲೆ ಉಳಿದ ನೀರು. ಜಾರ್ ಅರ್ಧಕ್ಕಿಂತ ಹೆಚ್ಚು ತುಂಬಬಾರದು, ಬಿಸಿಗೆ ಮುಚ್ಚಳ ಹಾರುತ್ತದೆ. ಮೊಸರಿಗೆ ತುಪ್ಪ ಬೇಡ, ಪುಡಿ 120 ಗ್ರಾಂ. ಕಾಫಿಯಲ್ಲಿ ಪುಡಿವಾಸನೆ ಬಾರದಂತೆ ಕುದಿಯುವಾಗ ಇನ್ನೊಂದು ವಸ್ತು ಹಾಕುತ್ತೇನೆ. ಅದು ಸದ್ಯಕ್ಕೆ ನಮ್ಮ ಅಡುಗೆಮನೆಯಲ್ಲೇ ಇರಲಿ.

ದುಡ್ಡಿನ ಲೆಕ್ಕ ನೆನಪಿನಿಂದ: ಪುಡಿ ಕಿಲೋಗೆ ನಾನೂರರ ಆಸುಪಾಸು, ಚೀಲ ಇಪ್ಪತ್ತು, ಅಬ್ಸಾರ್ಬರ್ ಏಳೆಂಟು ರೂಪಾಯಿ. ತುಪ್ಪ ಸೇರಿ ಲೀಟರಿಗೆ ಅರವತ್ತು ದಾಟುತ್ತದೆ. ಪ್ಯಾಕೆಟ್ ಹಾಲಿಗಿಂತ ದುಬಾರಿ, ನಿಜ. ಆದರೆ ಮರ ಬಿದ್ದು ರಸ್ತೆ ಮುಚ್ಚಿ, ಕರೆಂಟೂ ಇಲ್ಲದ ವಾರದಲ್ಲಿ ಆ ಪ್ಯಾಕೆಟ್ ಹಾಲು ನಮ್ಮ ಕಡೆ ಬರುವುದೇ ಇಲ್ಲ.