ಶಾಂತಿ ಒಪ್ಪಂದದ ಪಟ್ಟಿಗಳನ್ನು ಬರೆಯುವುದು ಹೇಗೆ: ನೇಪಾಳದ ಪಾಠ

ಅಂತರ್ಯುದ್ಧ ನಿಲ್ಲಿಸಲು ಕೂತವರ ಗಮನವೆಲ್ಲ ಕುರ್ಚಿ ಹಂಚಿಕೆಯ ಮೇಲಿರುತ್ತದೆ. ಅಸಮಾಧಾನ ಹುಟ್ಟುವುದು ಬೇರೆ ಕಡೆ, ಯಾರಿಗೆ ಏನು ಸಿಗಬೇಕು ಎಂಬ ಪಟ್ಟಿಗಳಲ್ಲಿ. ನೇಪಾಳ ಸರ್ಕಾರ ಮತ್ತು ಅದರ ವಿರುದ್ಧ ಬಂಡೆದ್ದಿದ್ದ ಮಾವೋವಾದಿಗಳು 2006ರ ನವೆಂಬರ್ 21ರಂದು ಸಹಿ ಹಾಕಿದ ಒಪ್ಪಂದವನ್ನು ಮುಂದಿಟ್ಟುಕೊಂಡು ನೋಡಿ.

ಮೊದಲು ಬಂದೂಕು. ಒಂದೇ ಕಡೆಯವರನ್ನು ನಿಶ್ಶಸ್ತ್ರಗೊಳಿಸಿದರೆ ಅದು ಶರಣಾಗತಿಯಂತೆ ಕಾಣುತ್ತದೆ. ಮಾವೋವಾದಿಗಳ 3,475 ಆಯುಧಗಳು ನೋಂದಣಿಯಾಗಿ, ಅವುಗಳಲ್ಲಿ ಹೆಚ್ಚಿನವು ಕಂಟೇನರ್ ಸೇರಿದವು; ಕಂಟೇನರ್ ಸೇರಿದಷ್ಟೇ ಆಯುಧಗಳನ್ನು ನೇಪಾಳ ಸೇನೆಯೂ ಬೀಗದೊಳಗಿಟ್ಟಿತು. ಕೀಲಿ ಅವರವರ ಬಳಿಯೇ, ಕಾವಲು ವಿಶ್ವಸಂಸ್ಥೆಯದು. ಈ ಭಾಗವನ್ನು ಧಾರಾಳವಾಗಿ ನಕಲು ಮಾಡಬಹುದು.

ಎಡವಿದ್ದು ಮಾವೋವಾದಿ ಹೋರಾಟಗಾರರ ಪಟ್ಟಿಯಲ್ಲಿ. ಅವರು ತಂಗಿದ್ದ ಶಿಬಿರಗಳಲ್ಲಿ ನಡೆದ ಪರಿಶೀಲನೆಯ ನಂತರ 19,602 ಮಂದಿ ಅರ್ಹರು, 4,008 ಮಂದಿ ಅನರ್ಹರು ಎಂದಾಯಿತು. ಅನರ್ಹರಲ್ಲಿ 2,973 ಮಂದಿ ಕದನವಿರಾಮದ ಹೊತ್ತಿಗೆ 18 ತುಂಬದವರು, ಉಳಿದವರು ತಡವಾಗಿ ಸೇರಿದವರು. 2012ರಲ್ಲಿ ಸ್ವಯಂನಿವೃತ್ತಿ ಆರಿಸಿಕೊಂಡ ಅರ್ಹರಿಗೆ ದರ್ಜೆಗೆ ತಕ್ಕಂತೆ 5ರಿಂದ 8 ಲಕ್ಷ ನೇಪಾಳಿ ರೂಪಾಯಿ ಸಿಕ್ಕಿತು. 2010ರಲ್ಲೇ ಶಿಬಿರ ಬಿಟ್ಟ ಅನರ್ಹರಿಗೆ ಸಿಕ್ಕಿದ್ದು ಮುಖ್ಯವಾಗಿ ತರಬೇತಿ ಮತ್ತು ಓದಿನ ನೆರವು. ಮಕ್ಕಳನ್ನು ಪಡೆಯಿಂದ ಬಿಡಿಸಿದ್ದು ಸರಿಯೇ. ಆದರೆ ಬಾಲ್ಯ ಕಳೆದುಕೊಂಡವರಿಗೆ ‘ಅನರ್ಹ’ ಎಂಬ ಹಣೆಪಟ್ಟಿ ಹಚ್ಚಿ, ಮನೆಗೆ ಹೋಗಲು ನಾಚುವಂತೆ ಮಾಡುವ ಅಗತ್ಯವೇನಿತ್ತು? ಆದ್ದರಿಂದ ಪ್ರತಿ ಗುಂಪಿಗೂ ಏನು, ಎಷ್ಟು, ಯಾವಾಗ ಎಂಬುದನ್ನು ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಬರೆಯಿರಿ. ಹಣ ಹಂಚುವ ಮೊದಲೇ ಗುಂಪುಗಳ ಹೆಸರನ್ನೂ ತಿದ್ದಿ.

ಅದೇ ಹಾಳೆಯಲ್ಲಿ ಸಂತ್ರಸ್ತರಿಗೂ ಸಾಲುಗಳಿರಲಿ, ಒಂದಲ್ಲ, ಹಲವು. ಸತ್ತವರ ಮತ್ತು ಕಾಣೆಯಾದವರ ಕುಟುಂಬಗಳಿಗೆ ಮಧ್ಯಂತರ ಪರಿಹಾರ ಕೊಟ್ಟ ಯೋಜನೆ, ಚಿತ್ರಹಿಂಸೆ ಮತ್ತು ಅತ್ಯಾಚಾರಕ್ಕೆ ಒಳಗಾದವರನ್ನು ಹೊರಗಿಟ್ಟಿತು. ದುರ್ಬಲರ ನೋವು ಹೀಗೆ ಸದ್ದಿಲ್ಲದೆ ಬಿಟ್ಟುಹೋಗುತ್ತದೆ.

ಗಡುವು ಬರೆದರಷ್ಟೇ ಸಾಲದು. ಕಾಣೆಯಾದವರ ಹೆಸರು, ವಿಳಾಸಗಳನ್ನು 60 ದಿನಗಳಲ್ಲಿ ಪ್ರಕಟಿಸುವುದಾಗಿ ಎರಡೂ ಕಡೆಯವರು ಒಪ್ಪಿದ್ದರು. ಆದರೆ ಇಂಥ ಪ್ರಕರಣಗಳನ್ನು ತನಿಖೆ ಮಾಡಬೇಕಾದ ಸತ್ಯಶೋಧನಾ ಆಯೋಗಗಳು ರಚನೆಯಾದದ್ದೇ 2015ರಲ್ಲಿ. ಯಾವ ಕಚೇರಿ, ಯಾರ ಖರ್ಚು, ತಪ್ಪಿದರೆ ಯಾರು ಉತ್ತರ ಕೊಡಬೇಕು ಎಂಬುದನ್ನು ಗಡುವಿನ ಪಕ್ಕದಲ್ಲೇ ನಮೂದಿಸಿ.

ಕೊನೆಗೆ, ಮಾತುಕತೆಯ ಮೇಜಿನಲ್ಲಿ ಕೂರದವರು. 2007ರ ಜನವರಿಯಲ್ಲಿ ಮಧ್ಯಂತರ ಸಂವಿಧಾನ ಬಂದ ಬೆನ್ನಿಗೇ ಭಾರತದ ಗಡಿಗೆ ತಾಗಿದ ದಕ್ಷಿಣದ ಬಯಲು ತರಾಯಿಯಲ್ಲಿ, ಅಲ್ಲಿನ ನಿವಾಸಿಗಳಾದ ಮಧೇಶಿಗಳು ಪ್ರಾತಿನಿಧ್ಯಕ್ಕಾಗಿ ಬೀದಿಗಿಳಿದರು. 2008ರ 601 ಸ್ಥಾನಗಳ ಸಂವಿಧಾನ ಸಭೆಯಲ್ಲಿ, ಪಕ್ಷದ ಮತಗಳಿಗೆ ತಕ್ಕಂತೆ ಸ್ಥಾನ ಕೊಡುವ ಅನುಪಾತ ಪದ್ಧತಿಯ ಸ್ಥಾನಗಳು 335ಕ್ಕೆ ಏರಿದ್ದು ಈ ಪ್ರತಿಭಟನೆಯ ನಂತರ. ಕರಡನ್ನು ಸಹಿಗೆ ಮುಂಚೆಯೇ ಮೈಥಿಲಿ, ಭೋಜಪುರಿ, ಥಾರು ಆಡುವ ಊರುಗಳಲ್ಲಿ ಆಯಾ ಭಾಷೆಯಲ್ಲೇ ಓದಿಸಿ, ಬಂದ ತಕರಾರನ್ನು ಅದೇ ಹಾಳೆಯ ಅಂಚಿನಲ್ಲಿ ಬರೆದುಕೊಳ್ಳಿ.